ಕರೆಯೋಲೆಯ ಮಾತು

ಮದುವೆಯು ಕೇವಲ ಇಬ್ಬರ ನಡುವಣ ಒಪ್ಪಂದವಾಗಿದ್ದಿದ್ದರೆ ಅದಕ್ಕೆ ಯಾರನ್ನೂ ಕರೆಯಬೇಕಾದ ಅಗತ್ಯವಿರುತ್ತಿರಲಿಲ್ಲ. ನಾಲ್ಕು ಜನರ ಎದುರಿನಲ್ಲಿ, ಅವರ ಹರಕೆಯ ನೆರಳಿನಲ್ಲಿ ಎರಡು ಮನೆತನಗಳು ಒಂದಾಗುವ ಸಂದರ್ಭವೆಂದು ಕನ್ನಡ ನಾಡಿನ ಜನ ಅದನ್ನು ಬಗೆದಿದ್ದಾರೆ. ಆದುದರಿಂದಲೇ ಬಂಧುಗಳನ್ನು ಕರೆಯುವುದು ಮದುವೆಗೆ ಹೊರಗಿನ ಸಿದ್ಧತೆಯಲ್ಲ. ಅದು ಮದುವೆಯದೇ ಒಂದು ಅಂಗ. ಕರೆಯದ ಮನೆಗೆ ಹೋಗಬಾರದು, ಕರೆದ ಮನೆಯನ್ನು ತಪ್ಪಿಸಬಾರದು ಎಂಬುದು ಹಿರಿಯರು ನಡೆಸಿಕೊಂಡು ಬಂದ ನಿಯಮ. ಆಸ್ತಿಯ ವ್ಯಾಜ್ಯದಿಂದ ಮುರಿಯದ ನೆಂಟಸ್ತಿಕೆಗಳು ಕರೆ ತಪ್ಪಿದ ಒಂದೇ ಕಾರಣದಿಂದ ಮುರಿದುಬಿದ್ದಿರುವುದುಂಟು. ಊಟ ತಪ್ಪಿತೆಂದು ಯಾರೂ ನೊಂದುಕೊಳ್ಳುವುದಿಲ್ಲ. ತಾನು ನೆನಪಿಗೆ ಬರಲಿಲ್ಲವೆಂದು ನೊಂದುಕೊಳ್ಳುತ್ತಾರೆ.

ಇಂತಹ ಸೂಕ್ಷ್ಮವಾದ ಕೆಲಸವನ್ನು ಇಂದು ಹೆಚ್ಚಿನ ಮನೆಗಳು ಮೊಬೈಲ್ ಫೋನಿಗೆ ಒಪ್ಪಿಸಿವೆ. ಬೆರಳಿನ ಒಂದು ಒತ್ತಿಗೆ ನೂರಾರು ಮನೆಗಳಿಗೆ ಒಮ್ಮೆಲೇ ಕರೆ ಹೋಗುತ್ತದೆ. ಇದು ಸರಿಯೆ, ತಪ್ಪೆ ಎಂದು ಚರ್ಚಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆಯೊಂದಿದೆ: ಫೋನಿನ ಮೂಲಕ ಕರೆಯುವಾಗ ಯಾವ ಮಾತಿನಲ್ಲಿ ಕರೆಯಬೇಕು? ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ, ಹಿಂದಿನವರು ಹೇಗೆ ಕರೆಯುತ್ತಿದ್ದರೆಂಬುದನ್ನು ಮೊದಲು ನೋಡಬೇಕು.

‘ಕರೆಯೋಲೆ’ ಎಂಬ ಪದವೇ ಹಳೆಯ ಕಾಲವನ್ನು ಹೊತ್ತು ನಿಂತಿದೆ. ಓಲೆಯೆಂದರೆ ತಾಳೆಯ ಗರಿ. ಕಾಗದ ಬಳಕೆಗೆ ಬರುವ ಮುನ್ನ ಬರೆಹವನ್ನು ಹೊರುತ್ತಿದ್ದುದು ಅದೇ. ಓಲೆ ಹೋಗಿ ಕಾಗದ ಬಂದಿತು, ಕಾಗದದ ಮೇಲೆ ಅಚ್ಚು ಬಂದಿತು, ಲಗ್ನಪತ್ರಿಕೆ ರೂಪುಗೊಂಡಿತು. ಅಚ್ಚಾಗಿ ಬಂದ ಪತ್ರಿಕೆಗಳ ಅಂಚಿಗೆ ಅರಿಸಿನ ಕುಂಕುಮ ಸವರಿ, ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಬಳಿಕ ಮನೆಯವರು ಕರೆಯಲು ಹೊರಡುತ್ತಿದ್ದರು. ಕೈಯಲ್ಲಿ ಕುಂಕುಮದ ಭರಣಿ, ಮಂತ್ರಾಕ್ಷತೆ. ಕೆಲವು ಕಡೆ ವೀಳ್ಯದೆಲೆ, ಅಡಕೆ. ಮನೆಯ ಹಿರಿಯರಿಗೆ ಕೈಮುಗಿದು, ಹೆಂಗಸರ ಹಣೆಗೆ ಕುಂಕುಮವಿಟ್ಟು, ಮಕ್ಕಳ ತಲೆ ಸವರಿ, “ಇಂಥ ದಿನ ಮದುವೆ, ಎಲ್ಲರೂ ಬರಬೇಕು, ಎರಡು ದಿನ ಮುಂಚೆಯೇ ಬಂದು ನಿಂತು ನಡೆಸಿಕೊಡಬೇಕು” ಎಂದು ಹೇಳಿದ ಮೇಲೆಯೇ ಪತ್ರಿಕೆಯನ್ನು ಕೈಗಿಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಕುಡಿಯಲು ಏನಾದರೂ ಬರುತ್ತಿತ್ತು; ಕುಶಲ ಪ್ರಶ್ನೆಗಳಾಗುತ್ತಿದ್ದುವು; ವರ್ಷಗಳಿಂದ ಮಾತು ಬಿಟ್ಟಿದ್ದವರೂ ಆ ಜಗಲಿಯ ಮೇಲೆ ಒಂದಾಗುತ್ತಿದ್ದುದುಂಟು.

ಆ ಪತ್ರಿಕೆಯಲ್ಲಿ ಏನಿರುತ್ತಿತ್ತು? ಮೇಲೆ ಇಷ್ಟದೇವತೆಯ ಹೆಸರು. ಅದರ ಕೆಳಗೆ ಶಾಲಿವಾಹನ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ಲಗ್ನ. ವರನಿಗೆ ಚಿರಂಜೀವಿಯೆಂದೂ ವಧುವಿಗೆ ಚಿರಂಜೀವಿ ಸೌಭಾಗ್ಯವತಿಯೆಂದೂ ಬಿರುದು. ಗುರುಹಿರಿಯರು ನಿಶ್ಚಯಿಸಿದಂತೆ ಎಂಬ ವಿನಯ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಆಗಮಿಸಬೇಕೆಂಬ ಕೋರಿಕೆ. ಕೊನೆಗೆ ಆಗಮನಾಭಿಲಾಷಿಗಳ ಉದ್ದನೆಯ ಪಟ್ಟಿ. ಹೆಸರುಗಳನ್ನು ಬಿಟ್ಟರೆ ಒಂದು ಮನೆಯ ಪತ್ರಿಕೆಗೂ ಇನ್ನೊಂದು ಮನೆಯ ಪತ್ರಿಕೆಗೂ ವ್ಯತ್ಯಾಸವಿರುತ್ತಿರಲಿಲ್ಲ. ಒಕ್ಕಣೆಯನ್ನು ಎಷ್ಟೋ ಸಲ ಮುದ್ರಣಾಲಯದವರೇ ಒದಗಿಸುತ್ತಿದ್ದರು. ಅದನ್ನು ಆದ್ಯಂತವಾಗಿ ಓದಿದವರೂ ವಿರಳ. ದಿನ, ಹೊತ್ತು, ಸ್ಥಳಗಳನ್ನು ನೋಡಿಕೊಂಡು ಗೋಡೆಯ ಮೊಳೆಗೆ ಸಿಕ್ಕಿಸಿಡುವುದು ವಾಡಿಕೆ.

ಪತ್ರಿಕೆಯ ಭಾಷೆ ಹೀಗೆ ಗಡುಸಾಗಿದ್ದರೂ ಯಾರಿಗೂ ಅದು ಕೊರತೆಯೆನಿಸಲಿಲ್ಲ. ಏಕೆಂದರೆ ನಿಜವಾಗಿ ಕರೆದದ್ದು ಪತ್ರಿಕೆಯಲ್ಲ. ಬಾಗಿಲಿಗೆ ಬಂದ ಮನುಷ್ಯ. ಬಿಸಿಲಿನಲ್ಲಿ ಎರಡು ಮೈಲಿ ನಡೆದು ಬಂದ ಕಾಲು, ಮುಗಿದ ಕೈ, ಎದುರಿಗೆ ನಿಂತು ಆಡಿದ ಮಾತು, ಇವು ಕರೆಯಾಗಿದ್ದುವು. ಪತ್ರಿಕೆಯು ಆ ಕರೆಗೆ ಸಾಕ್ಷಿ, ಮರೆಯದಿರಲೆಂದು ಕೊಟ್ಟ ಗುರುತಿನ ಚೀಟಿ. ಸಾಕ್ಷಿಪತ್ರ ಗಂಭೀರವಾಗಿದ್ದರೆ ತಪ್ಪೇನೂ ಇಲ್ಲ.

ದೂರದ ಊರಿನವರಿಗೆ ಅಂಚೆಯೇ ಗತಿಯಾಗಿತ್ತು. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಬಳಕೆಗೆ ಬಂದಿತು. ಮುಂದೆ ಅಚ್ಚಾದ ಲಗ್ನಪತ್ರಿಕೆಗಳನ್ನು ಬಾಯಿ ಅಂಟಿಸದ ಲಕೋಟೆಯಲ್ಲಿಟ್ಟು, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು, ಕಡಿಮೆ ದರದಲ್ಲಿ ಕಳುಹಿಸುವ ರೂಢಿ ಬೆಳೆಯಿತು. ಆದರೆ ಬಲ್ಲವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಪತ್ರಿಕೆಯ ಮೂಲೆಯಲ್ಲಿ ತಮ್ಮ ಕೈಬರೆಹದಿಂದ ಒಂದು ಸಾಲು ಸೇರಿಸುತ್ತಿದ್ದರು: “ಅಕ್ಕ, ನೀನು ಬಾರದೆ ಹಂದರದ ಕಂಬ ನೆಡುವುದಿಲ್ಲ.” ಅಚ್ಚಿನ ನಲವತ್ತು ಸಾಲುಗಳಿಗಿಂತ ಆ ಒಂದು ಸಾಲು ಹೆಚ್ಚು ತೂಗುತ್ತಿತ್ತು. ಬಾಗಿಲಿಗೆ ಹೋಗಲಾರದ ಕಾಲಿನ ಕೆಲಸವನ್ನು ಕೈ ಮಾಡುತ್ತಿತ್ತು.

ಇನ್ನು ಫೋನಿನ ಸಂದೇಶದ ವಿಷಯ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ತಂತ್ರಜ್ಞರು ಬೆರಳಚ್ಚು ಯಂತ್ರದ ಮುಂದೆ ಕುಳಿತು, ಜನ ಸಾಮಾನ್ಯವಾಗಿ ಆಡುವಂಥ ವಾಕ್ಯಗಳನ್ನು ಬರೆದು ಅವುಗಳ ಅಕ್ಷರಗಳನ್ನು ಎಣಿಸಿದರು. ಹೆಚ್ಚಿನ ವಾಕ್ಯಗಳು 160 ಅಕ್ಷರಗಳೊಳಗೆ ಮುಗಿಯುತ್ತಿದ್ದುವು. ಅಂಚೆ ಕಾರ್ಡುಗಳಲ್ಲಿ ಜನ ಬರೆಯುವುದೂ ಬಹುಮಟ್ಟಿಗೆ ಅಷ್ಟೇ ಎಂಬುದು ಅವರ ಎಣಿಕೆಗೆ ಬೆಂಬಲವಾಗಿ ನಿಂತಿತು. ಹೀಗೆ ಒಂದು ಸಂದೇಶಕ್ಕೆ 160 ಅಕ್ಷರಗಳೆಂಬ ಮಿತಿ ಏರ್ಪಟ್ಟಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ಒಂದು ಗಣಕಯಂತ್ರದಿಂದ ಮೊಬೈಲ್ ಫೋನಿಗೆ ಮೊದಲ ಸಂದೇಶವನ್ನು ಕಳುಹಿಸಿದರು. ಅದು ಯಾವ ವ್ಯವಹಾರದ ಮಾತೂ ಆಗಿರದೆ ಕ್ರಿಸ್ಮಸ್ ಹಬ್ಬದ ಶುಭಾಶಯವಾಗಿತ್ತೆಂಬುದು ಗಮನಿಸತಕ್ಕ ಸಂಗತಿ. ಹುಟ್ಟಿದ ದಿನವೇ ಅದು ಸಂತೋಷದ ಸುದ್ದಿಯನ್ನು ಹೊತ್ತಿತು. ಮದುವೆಯ ಕರೆಗೆ ಅದು ಅಯೋಗ್ಯವಾದ ವಾಹನವೆಂದು ಹೇಳಲು ಆಧಾರವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಈ ವಾಹನದಲ್ಲಿ ಜಾಗ ಇನ್ನೂ ಕಿರಿದು. ಒಂದು ಸಂದೇಶದ ಪೆಟ್ಟಿಗೆಯಲ್ಲಿ ಹಿಡಿಯುವುದು 1120 ಬಿಟ್‌ಗಳಷ್ಟು ಸರಕು. ಇಂಗ್ಲಿಷ್ ಅಕ್ಷರವೊಂದಕ್ಕೆ 7 ಬಿಟ್ ಸಾಕು. ಆದುದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಸಂಕೇತವೊಂದಕ್ಕೆ 16 ಬಿಟ್ ಬೇಕು; ಆದುದರಿಂದ 70 ಮಾತ್ರ ಹಿಡಿಯುತ್ತವೆ. ಅಲ್ಲದೆ ಕಾಗುಣಿತ, ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಫೋನಿನ ಲೆಕ್ಕದಲ್ಲಿ ನಾಲ್ಕು ಸಂಕೇತ. ಈಗ ಉದ್ದದ ಸಂದೇಶಗಳು ತಾವಾಗಿಯೇ ತುಂಡಾಗಿ ಹೋಗಿ ಅತ್ತ ಮತ್ತೆ ಕೂಡಿಕೊಳ್ಳುತ್ತವೆಯಾದರೂ, ಮೂಲದ ಅಳತೆ ಇದೇ.

ಜಾಗ ಉಳಿಸುವುದಕ್ಕಾಗಿಯೂ, ಹಿಂದಿನ ಫೋನುಗಳಲ್ಲಿ ಕನ್ನಡ ಮೂಡದಿದ್ದ ಕಾರಣದಿಂದಲೂ, ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಚಾಳಿ ಹಬ್ಬಿತು. ಲಕಾರ ಳಕಾರಗಳ ಭೇದ, ನಕಾರ ಣಕಾರಗಳ ಭೇದ ಆ ಬರೆಹದಲ್ಲಿ ಉಳಿಯುವುದಿಲ್ಲ. ‘ಹಾಲು’ ಎಂದು ಬರೆದದ್ದನ್ನು ‘ಹಾಳು’ ಎಂದು ಓದಿಕೊಳ್ಳುವಂತಾದರೆ ಮಂಗಳಕಾರ್ಯದ ಕರೆಗೆ ಶೋಭೆಯೆಲ್ಲಿ? ಯುನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದೆ. ಇಂದಿನ ಫೋನುಗಳಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಕನ್ನಡ ಓದಬಲ್ಲ ಅಜ್ಜಿಗೆ ಮೊಮ್ಮಗಳ ಮದುವೆಯ ಕರೆ ಕನ್ನಡದಲ್ಲೇ ಹೋಗಲು ಈಗ ಯಾವ ಅಡ್ಡಿಯೂ ಇಲ್ಲ.

ಎಪ್ಪತ್ತು ಸಂಕೇತಗಳಲ್ಲಿ ಏನು ಹೇಳಬಹುದು ಎಂದು ಕೇಳುವವರು ಈ ಸಂದೇಶವನ್ನು ನೋಡಬಹುದು: “ದೊಡ್ಡಮ್ಮ, ಮೇ 10 ಭಾನುವಾರ ಬೆಳಿಗ್ಗೆ 9ಕ್ಕೆ ಊರ ಮನೆಯಲ್ಲಿ ನನ್ನ ಮದುವೆ. ಬನ್ನಿ.” ತೆರಪು, ಚಿಹ್ನೆಗಳೂ ಸೇರಿ ಇದರಲ್ಲಿರುವುದು 69 ಸಂಕೇತಗಳು. ಯಾರನ್ನು ಕರೆಯುತ್ತಿದೆ, ಯಾವ ದಿನ, ಯಾವ ಹೊತ್ತು, ಎಲ್ಲಿ, ಏತಕ್ಕೆ ಎಂಬುದೆಲ್ಲ ಇಲ್ಲಿದೆ. ಕೊನೆಗೆ ‘ಬನ್ನಿ’ ಎಂಬ ಮಾತೂ ಇದೆ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬ ಮೂರು ಪದಗಳೇ 24 ಸಂಕೇತಗಳನ್ನು ನುಂಗುತ್ತವೆ. ಅವುಗಳಲ್ಲಿ ‘ಸ’ ಎಂದರೂ ಕೂಡಿಕೊಂಡು ಎಂದೇ ಅರ್ಥ, ‘ಸಮೇತ’ ಎಂದರೂ ಕೂಡಿಕೊಂಡು ಎಂದೇ ಅರ್ಥ. ‘ಮನೆಯವರೆಲ್ಲ’ ಎಂದರೆ ಹತ್ತರಲ್ಲಿ ಮುಗಿಯುತ್ತದೆ. ಹೆಚ್ಚು ಹತ್ತಿರವೂ ಆಗುತ್ತದೆ. ಕಳುಹಿಸಿದವರ ಹೆಸರಿಗೆ ಈ 69ರಲ್ಲಿ ಎಡೆಯಿಲ್ಲವೆಂಬುದು ನಿಜ. ಹೆಸರಿಗಾಗಿ ಎರಡನೆಯ ಸಂದೇಶದ ಖರ್ಚಾದರೆ ಆಗಲಿ. ಯಾರು ಕರೆದರೆಂದು ತಿಳಿಯದ ಕರೆ ಕರೆಯೇ ಅಲ್ಲ.

ಸ್ಥಳದ ಇಕ್ಕಟ್ಟು ಬಹಳ ಕಾಲ ಉಳಿಯಲಿಲ್ಲ. 2009ರಲ್ಲಿ ಹುಟ್ಟಿದ ವಾಟ್ಸಾಪ್ ಮೊದಲಾದ ಸೌಕರ್ಯಗಳು ಉದ್ದದ ಬರೆಹವನ್ನೂ, ಚಿತ್ರವನ್ನೂ, ಸಂಗೀತವನ್ನೂ ಕಳುಹಿಸಲು ಅನುಕೂಲ ಮಾಡಿಕೊಟ್ಟುವು. ಇಕ್ಕಟ್ಟಿನ ಕಾಲದಲ್ಲಿ ಮಾತಿಗಿದ್ದ ಬಿಗಿ ಆಗ ಸಡಿಲವಾಯಿತು. ಅಚ್ಚಿನ ಪತ್ರಿಕೆಯ ಚಿತ್ರವನ್ನೇ ತೆಗೆದು, ಒಂದು ಪಟ್ಟಿಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಕಳುಹಿಸಿ, ಕೆಳಗೆ “ಸಮಯಾಭಾವದಿಂದ ಖುದ್ದಾಗಿ ಬರಲಾಗಲಿಲ್ಲ, ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಬೇಕು” ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿಯಾಯಿತು. ಈ ವಾಕ್ಯವನ್ನು ಸ್ವಲ್ಪ ಪರೀಕ್ಷಿಸಬೇಕು. ಕರೆಯುವವನು ಮಾಡಬೇಕಾದ ಕೆಲಸವನ್ನು ಅದು ಕರೆಸಿಕೊಳ್ಳುವವನಿಗೆ ವರ್ಗಾಯಿಸುತ್ತದೆ. “ನಾನು ನಿನ್ನನ್ನು ನೆನೆದಿದ್ದೇನೆಂದು ನೀನೇ ಕಲ್ಪಿಸಿಕೋ” ಎಂಬುದು ಅದರ ತಾತ್ಪರ್ಯ. ಒಬ್ಬೊಬ್ಬರಿಗೂ ಒಂದೊಂದು ಮಾತು ಬರೆಯಲು ಪುರಸೊತ್ತಿಲ್ಲದವರು, ಒಬ್ಬೊಬ್ಬರೂ ಒಂದು ದಿನದ ದುಡಿಮೆ ಬಿಟ್ಟು ಬರಬೇಕೆಂದು ಅಪೇಕ್ಷಿಸುವುದು ನ್ಯಾಯವೆ?

ಹೀಗೆ ಒಟ್ಟಿಗೆ ಕಳುಹಿಸುವುದರಲ್ಲಿ ತಾಂತ್ರಿಕವಾದ ತೊಡಕುಗಳೂ ಇವೆ. ವಾಟ್ಸಾಪಿನ ಪ್ರಸಾರಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ಕಳುಹಿಸುವವರ ಸಂಖ್ಯೆಯನ್ನು ಯಾರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾರೆಯೋ ಅವರಿಗೆ ಮಾತ್ರ ಆ ಸಂದೇಶ ತಲಪುತ್ತದೆ. ಸಂಖ್ಯೆ ಬರೆದಿಟ್ಟುಕೊಳ್ಳಲು ಬಾರದ ಹಳ್ಳಿಯ ಸೋದರತ್ತೆಗೆ ಕರೆ ಹೋಗಿರುವುದೇ ಇಲ್ಲ. ಕಳುಹಿಸಿದವರು ಹೋಯಿತೆಂದೇ ತಿಳಿದಿರುತ್ತಾರೆ. ಅತ್ತೆ ಮುನಿದದ್ದೇಕೆಂಬುದು ಎಷ್ಟು ವರ್ಷವಾದರೂ ಅವರಿಗೆ ತಿಳಿಯುವುದಿಲ್ಲ. ಇನ್ನೊಬ್ಬರಿಂದ ಬಂದುದನ್ನು ಹಾಗೆಯೇ ಮುಂದಕ್ಕೆ ಕಳುಹಿಸಿದರೆ, ಅದು ಮುಂದೆ ಕಳುಹಿಸಿದ್ದೆಂಬ ಗುರುತು 2018ರಿಂದ ಸಂದೇಶದ ನೆತ್ತಿಯ ಮೇಲೆಯೇ ಕಾಣಿಸುತ್ತದೆ. ಆ ಗುರುತನ್ನು ಹೊತ್ತ ಮದುವೆಯ ಕರೆ, ಬೇರೆಯವರ ಹೆಸರು ಬರೆದು ಹೊಡೆದುಹಾಕಿದ ಲಕೋಟೆಯಂತೆ.

ಇಲ್ಲಿ ಆಗಿರುವ ಮೂಲದೋಷವು ಸ್ಪಷ್ಟವಾಗಿದೆ. ಹಿಂದಿನವರ ಪದ್ಧತಿಯಲ್ಲಿ ಎರಡು ಭಾಗಗಳಿದ್ದುವು: ಬಾಗಿಲಿನಲ್ಲಿ ಆಡಿದ ಮಾತು ಒಂದು, ಕೈಗಿತ್ತ ಪತ್ರಿಕೆ ಇನ್ನೊಂದು. ಈಗಿನವರು ಫೋನಿಗೆ ಏರಿಸಿದ್ದು ಪತ್ರಿಕೆಯನ್ನು, ಬಿಟ್ಟದ್ದು ಮಾತನ್ನು. ಕಾಳನ್ನು ತೂರಿ ಹೊಟ್ಟನ್ನು ಕಣಜಕ್ಕೆ ತುಂಬಿದಂತಾಯಿತು. ನಡೆದು ಹೋಗುವ ಶ್ರಮವೇ ಮರ್ಯಾದೆಯನ್ನು ಹೊರುತ್ತಿದ್ದ ಕಾಲದಲ್ಲಿ ಪತ್ರಿಕೆ ಮೂಕವಾಗಿದ್ದರೂ ಸಾಗುತ್ತಿತ್ತು. ಶ್ರಮ ಇಲ್ಲವಾದ ಮೇಲೆ ಮರ್ಯಾದೆಯನ್ನು ಹೊರಬೇಕಾದುದು ಮಾತು. ಫೋನಿನ ಸಂದೇಶದಲ್ಲಿ ಬರೆಯಬೇಕಾದುದು ಪತ್ರಿಕೆಯ ಒಕ್ಕಣೆಯನ್ನಲ್ಲ, ಜಗಲಿಯ ಮೇಲೆ ಆಡುತ್ತಿದ್ದ ಮಾತನ್ನು.

ಕನ್ನಡ ನುಡಿಯ ಸ್ವಭಾವವೂ ಇದನ್ನೇ ಕೇಳುತ್ತದೆ. ಕನ್ನಡದಲ್ಲಿ ಯಾರನ್ನಾದರೂ ಕರೆಯಬೇಕಾದರೆ ಮೊದಲು ತಮಗೂ ಅವರಿಗೂ ಇರುವ ಸಂಬಂಧವನ್ನು ನಿಶ್ಚಯಿಸಿಕೊಳ್ಳಲೇಬೇಕು. ಗೆಳೆಯನಿಗೆ ‘ಬಾ’, ಚಿಕ್ಕಪ್ಪನಿಗೆ ‘ಬನ್ನಿ’, ಗುರುಗಳಿಗೆ ‘ತಾವು ದಯಮಾಡಿಸಬೇಕು’. ಎಲ್ಲರಿಗೂ ಒಂದೇ ಎಂಬ ಕ್ರಿಯಾಪದ ಈ ನುಡಿಯಲ್ಲಿಲ್ಲ. ಒಂದೇ ಒಕ್ಕಣೆಯನ್ನು ಎಲ್ಲರಿಗೂ ಕಳುಹಿಸಿದಾಗ ಜೊತೆಯಲ್ಲಿ ಮರಕೋತಿ ಆಡಿದ ಗೆಳೆಯನಿಗೆ “ತಾವು ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು” ಎಂಬ ಕೋರಿಕೆ ಹೋಗುತ್ತದೆ. ವಧುವಿಗಿಂತ ಹತ್ತು ವರ್ಷ ಕಿರಿಯಳಾದ ಹುಡುಗಿಗೂ ಆಶೀರ್ವದಿಸುವ ಭಾರ ಬೀಳುತ್ತದೆ. ಓದಿದವರು ನಗುತ್ತಾರೆ; ನಕ್ಕು ಮರೆಯುತ್ತಾರೆ.

ಒಳ್ಳೆಯ ಕರೆಯನ್ನು ಗುರುತಿಸಲು ಸುಲಭವಾದ ಒರೆಗಲ್ಲೊಂದಿದೆ. ಆ ಸಂದೇಶದಲ್ಲಿ ಬೇರೆ ಯಾರಿಗೂ ಕಳುಹಿಸಲಾಗದಂಥ ಒಂದು ವಾಕ್ಯವಾದರೂ ಇರಬೇಕು. “ಗುರುಗಳೆ, ತಾವು ಅಕ್ಷರ ತಿದ್ದಿಸಿದ ಹುಡುಗಿಗೆ ಮದುವೆ ಗೊತ್ತಾಗಿದೆ, ತಾವು ಬಂದು ಅಕ್ಷತೆ ಹಾಕಿದರೆ ಸಂತೋಷವಾಗುತ್ತದೆ.” “ಅಮ್ಮಾ, ಹತ್ತು ವರ್ಷ ನಮ್ಮ ಮನೆಯ ಬೀಗದ ಕೈ ನಿಮ್ಮ ಮನೆಯ ಗೂಡಿನಲ್ಲಿತ್ತು. ನೀವಿಲ್ಲದ ಮದುವೆಯನ್ನು ನೆನೆಯಲಾರೆವು.” ಇಂಥ ಒಂದು ವಾಕ್ಯ ಬಂದರೆ ಸಾಕು, ಉಳಿದ ವಿವರಗಳು ಎಲ್ಲರಿಗೂ ಒಂದೇ ಆಗಿದ್ದರೂ ದೋಷವಿಲ್ಲ. ಇದಕ್ಕೆ ವೇಳೆಯೆಲ್ಲಿದೆ ಎನ್ನುವವರು ಲೆಕ್ಕ ಹಾಕಿ ನೋಡಬಹುದು. ಮುನ್ನೂರು ಜನರಿಗೆ ತಲಾ ಎರಡು ನಿಮಿಷವೆಂದರೂ ಒಟ್ಟು ಹತ್ತು ಗಂಟೆ. ಮನೆಯ ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎರಡೂವರೆ ಗಂಟೆ. ಹಿಂದೆ ಇದೇ ಕೆಲಸಕ್ಕೆ ವಾರಗಳು ಹಿಡಿಯುತ್ತಿದ್ದುವು. ಫೋನು ಉಳಿಸಿಕೊಟ್ಟ ಕಾಲದಲ್ಲಿ ಸ್ವಲ್ಪ ಪಾಲನ್ನು ಕರೆಸಿಕೊಳ್ಳುವವರಿಗೆ ಕೊಡುವುದು ಹೆಚ್ಚಿನದೇನಲ್ಲ.

ಆದರವಿದ್ದರೆ ಸಾಲದು, ಸ್ಪಷ್ಟತೆಯೂ ಬೇಕು. ತಾರೀಖಿನ ಜೊತೆಗೆ ವಾರವನ್ನು ತಪ್ಪದೆ ಬರೆಯಬೇಕು. ಒಂದು ತಪ್ಪಿದರೆ ಇನ್ನೊಂದು ತಿದ್ದುತ್ತದೆ. ಬೆಳಗಿನ ಜಾವದ ಮುಹೂರ್ತವಾದರೆ ಎಚ್ಚರ ಇಮ್ಮಡಿಯಾಗಬೇಕು. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕ್ಯಾಲೆಂಡರಿನ ವಾರ ನಡುರಾತ್ರಿಗೆ. ಪಂಚಾಂಗದಂತೆ ಶನಿವಾರವಾದ ಬೆಳಗಿನ ಜಾವದ ನಾಲ್ಕು ಗಂಟೆ ಕ್ಯಾಲೆಂಡರಿನಂತೆ ಭಾನುವಾರ. ‘ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಿನ ಜಾವ’ ಎಂದು ಬಿಡಿಸಿ ಬರೆಯದಿದ್ದರೆ, ನೆಂಟರು ಒಂದು ದಿನ ಮುಂಚೆ ಬಂದು ಬರಿದಾದ ಛತ್ರವನ್ನು ನೋಡಬೇಕಾಗುತ್ತದೆ. ಇಲ್ಲವೆ ಒಂದು ದಿನ ತಡವಾಗಿ ಬಂದು ಬಾಳೆಕಂಬ ಬಿಚ್ಚುವವರನ್ನು ನೋಡಬೇಕಾಗುತ್ತದೆ. ಸ್ಥಳ ತೋರಿಸುವ ನಕ್ಷೆಯ ಕೊಂಡಿಯೊಂದನ್ನೇ ಕೊಟ್ಟು ಬಿಡಬಾರದು. ಊರು, ಬೀದಿ, ಇಳಿಯಬೇಕಾದ ಬಸ್ ನಿಲ್ದಾಣಗಳನ್ನು ಮಾತಿನಲ್ಲೂ ಹೇಳಬೇಕು. ವಿವರಗಳೆಲ್ಲ ಚಿತ್ರದೊಳಗೇ ಇರುವಂತೆ ಮಾಡಬಾರದು. ಮುಪ್ಪಿನ ಕಣ್ಣಿಗೆ ಚಿತ್ರದ ಸಣ್ಣಕ್ಷರ ಕಾಣುವುದಿಲ್ಲ. ದೃಷ್ಟಿಯಿಲ್ಲದವರಿಗಾಗಿ ಫೋನು ಬರೆದ ಮಾತನ್ನು ಗಟ್ಟಿಯಾಗಿ ಓದಿಹೇಳಬಲ್ಲುದು; ಚಿತ್ರದಲ್ಲಿ ಹುದುಗಿದ ಮಾತನ್ನು ಹಾಗೆ ಸಲೀಸಾಗಿ ಓದಲಾರದು.

ಇನ್ನೊಂದು ಅಪಾಯವೂ ಈಚೆಗೆ ತಲೆದೋರಿದೆ. ಮದುವೆಯ ಕರೆಯೆಂಬ ನೆಪದಲ್ಲಿ ವಂಚಕರು ಕಡತವೊಂದನ್ನು ಕಳುಹಿಸುತ್ತಾರೆ. ತೆರೆದು ಸ್ಥಾಪಿಸಿಕೊಂಡರೆ ಅದು ಫೋನಿನೊಳಗಿನ ಗುಟ್ಟುಗಳನ್ನೂ ಬ್ಯಾಂಕಿನ ಹಣವನ್ನೂ ದೋಚಲು ದಾರಿ ಮಾಡಿಕೊಡುತ್ತದೆ. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಈ ಬಗೆಗೆ ಜನರನ್ನು ಎಚ್ಚರಿಸಿದರು. ಸಂಬೋಧನೆಯಿಲ್ಲದ, ಕರೆದವರ ಹೆಸರು ಕಾಣದ, ‘ತೆರೆದು ನೋಡಿ’ ಎಂದಷ್ಟೇ ಹೇಳುವ ನಿಜವಾದ ಕರೆಯೂ ಆ ಮೋಸದ ಕರೆಯೂ ನೋಡಲು ಒಂದೇ. “ದೊಡ್ಡಮ್ಮ” ಎಂದು ಕರೆದು, ಬೀಗದ ಕೈಯನ್ನು ನೆನೆದು ಬರೆದ ಕರೆಯನ್ನು ಅಪರಿಚಿತ ವಂಚಕನು ಅಷ್ಟು ಸುಲಭವಾಗಿ ಅನುಕರಿಸಲಾರ. ಆತ್ಮೀಯತೆ ಇಲ್ಲಿ ಕಾವಲೂ ಆಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಹುಸಿ ಎಂದು ಭಾವಿಸಬಾರದು. ಬಾಗಿಲಿಗೆ ಹೋಗಿ ಕರೆಯುವ ಪದ್ಧತಿಯಲ್ಲಿ ಪ್ರೀತಿಯ ಜೊತೆಗೆ ಕ್ರೌರ್ಯವೂ ಇತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿನ ಹಣೆಗೆ ಕುಂಕುಮವಿಟ್ಟು ಕರೆಯುತ್ತಿರಲಿಲ್ಲ. ಅದೇ ಮನೆಯ ಸೊಸೆಗೆ ಕುಂಕುಮ ಕೊಟ್ಟು, ಮೂಲೆಯಲ್ಲಿ ನಿಂತ ಅತ್ತೆಯನ್ನು ನೋಡದವರಂತೆ ಹೊರಟುಬರುತ್ತಿದ್ದರು. ಕೆಲವು ಜಾತಿಗಳವರ ಹೊಸಿಲನ್ನು ಕರೆಯುವವರು ತುಳಿಯುತ್ತಿರಲಿಲ್ಲ. ಬೀದಿಯಲ್ಲಿ ನಿಂತೇ ಕೂಗಿ ಹೇಳಿ ಮುಂದೆ ಹೋಗುತ್ತಿದ್ದರು. ಫೋನಿನ ಸಂದೇಶ ಹೊಸಿಲನ್ನು ನೋಡುವುದಿಲ್ಲ, ಹಣೆಯನ್ನು ನೋಡುವುದಿಲ್ಲ. ಎಲ್ಲರ ಅಂಗೈಗೂ ಅದು ಒಂದೇ ಬಗೆಯಾಗಿ ಹೋಗಿ ಇಳಿಯುತ್ತದೆ. ಇದು ಸಣ್ಣ ಗುಣವಲ್ಲ. ಮಗಳ ಮದುವೆಗೆ ಸಾಲ ಮಾಡಿದ ತಂದೆಗೆ ಅಚ್ಚಿನ ಖರ್ಚು, ಊರೂರು ತಿರುಗುವ ಖರ್ಚು, ಕಳೆದುಹೋಗುವ ದಿನಗೂಲಿ ಇವುಗಳನ್ನು ಅದು ಉಳಿಸುತ್ತದೆಂಬುದೂ ಸಣ್ಣ ಗುಣವಲ್ಲ.

ಆಡಂಬರವಿಲ್ಲದಿರುವುದು ಅನಾದರವಲ್ಲವೆಂಬುದನ್ನು ಕನ್ನಡನಾಡು ಬಹಳ ಹಿಂದೆಯೇ ಕಂಡಿದೆ. ಕುವೆಂಪು ಅವರು ರೂಪಿಸಿದ ‘ಮಂತ್ರಮಾಂಗಲ್ಯ’ವೆಂಬ ಸರಳ ವಿವಾಹ ಪದ್ಧತಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆಯಿತು. ವೈಭವವನ್ನು ಕಳೆದರೂ ಮದುವೆಯ ಘನತೆ ಉಳಿಯುತ್ತದೆಂಬುದಕ್ಕೆ ಅದು ನಿದರ್ಶನ. 2020ರಲ್ಲಿ ಕೊರೋನಾ ರೋಗ ಹಬ್ಬಿದಾಗ, ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂದಿತು. ಆಗ ಎಷ್ಟೋ ಮನೆಗಳು ತಮ್ಮ ಬಂಧುಗಳಿಗೆ ಫೋನಿನಲ್ಲಿ ವಿಚಿತ್ರವಾದ ಸಂದೇಶಗಳನ್ನು ಬರೆಯಬೇಕಾಯಿತು: ಮದುವೆ ಇಂಥ ದಿನ, ತಾವು ಬರಬೇಡಿ, ಇದ್ದಲ್ಲಿಂದಲೇ ಹರಸಿ. ಬರಬೇಡಿ ಎಂಬ ಮಾತನ್ನು ನೋವಾಗದಂತೆ ಹೇಳಬೇಕಾದಾಗ ಜನ ಸಿದ್ಧವಾದ ಒಕ್ಕಣೆಗಳನ್ನು ಬಿಟ್ಟು ತಮ್ಮದೇ ಮಾತನ್ನು ಹುಡುಕಿದರು. ಬರಬೇಡಿ ಎಂದು ಹೇಳುವುದಕ್ಕೆ ಸಿಕ್ಕ ಮಾತು, ಬನ್ನಿ ಎಂದು ಹೇಳುವುದಕ್ಕೆ ಸಿಗದೆ ಹೋಗುವುದಿಲ್ಲ.

ಕೊನೆಯದಾಗಿ ಒಂದು ವಿವೇಕ ಬೇಕು. ಎಲ್ಲರನ್ನೂ ಫೋನಿನಿಂದಲೇ ಕರೆಯಲಾಗುವುದಿಲ್ಲ. ಫೋನಿಲ್ಲದ ಮುದುಕಿ ಪಕ್ಕದ ಬೀದಿಯಲ್ಲಿಯೇ ಇರಬಹುದು. ಹೊಲದಲ್ಲಿ ತಲೆಮಾರಿನಿಂದ ದುಡಿದ ಆಳಿಗೆ ಓದು ಬಾರದಿರಬಹುದು. ಹಾಸಿಗೆ ಹಿಡಿದ ಅಜ್ಜ ಫೋನಿನ ಮಾತಿಗೆ ಓಗೊಡಲಾರದಿರಬಹುದು. ಇಂಥವರ ಬಾಗಿಲಿಗೆ ಕಾಲೇ ಹೋಗಬೇಕು. ಸಾವಿರ ಸಂದೇಶಗಳನ್ನು ಕ್ಷಣದಲ್ಲಿ ಕಳುಹಿಸುವ ಯಂತ್ರವು ಮನುಷ್ಯನಿಗೆ ಬಿಡುವನ್ನು ಕೊಟ್ಟಿರುವುದು, ಅವನು ಹೋಗಲೇಬೇಕಾದ ಆ ಹತ್ತು ಮನೆಗಳಿಗೆ ನಿಧಾನವಾಗಿ ಹೋಗಿ ಕುಳಿತುಬರಲೆಂದು.

ತಾಳೆಗರಿ ಹೋಯಿತು, ಕಾಗದವೂ ಹಿಂದೆ ಸರಿಯುತ್ತಿದೆ. ನಾಳೆ ಫೋನಿನ ಜಾಗಕ್ಕೆ ಮತ್ತೊಂದು ಬರಬಹುದು. ಕರೆಸಿಕೊಳ್ಳುವವರು ಹುಡುಕುವುದು ಮಾತ್ರ ಎಂದಿನ ಎರಡು ಸಂಗತಿಗಳನ್ನು: ಇದರಲ್ಲಿ ತನ್ನ ಹೆಸರಿದೆಯೆ, ತಾನು ಬಂದರೆ ಇವರಿಗೆ ಸಂತೋಷವಾಗುವುದೆ? ಈ ಎರಡಕ್ಕೂ ಹೌದೆಂದು ಹೇಳುವ ಸಂದೇಶ ಒಂದೇ ಸಾಲಿನದಾಗಿದ್ದರೂ ಪೂರ್ಣವಾದ ಕರೆಯೋಲೆ. ಅದನ್ನು ಓದಿದವರು ಹಬ್ಬದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹರವುತ್ತಾರೆ. ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸುತ್ತಾರೆ.